ಕೈ ಹಿಂದೆ ಕಟ್ಟಿ ನಿಂತವರು

ಅವರು ನಮ್ಮ ಆಸ್ಪತ್ರೆ ಬಿಟ್ಟು ಒಂದು ತಿಂಗಳಾಯಿತು. ನಾನು ಈಗಲೂ ಕಂಪ್ಯೂಟರಿನ ಮುಂದೆ ಕೂತು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಮ್ಮೆ ಬೆನ್ನು ನೇರ ಮಾಡಿಕೊಳ್ಳುತ್ತೇನೆ. ಹಿಂದಿನಿಂದ ಬಂದು ಹೆಬ್ಬೆರಳಿನಿಂದ ಸೊಂಟದ ಮೇಲೆ ಒತ್ತಿ ಎಚ್ಚರಿಸುವವರು ಈಗ ಇಲ್ಲ. ಅಭ್ಯಾಸ ಮಾತ್ರ ಉಳಿದಿದೆ.

"ಬೆನ್ನು ಬಾಗಿಸುದು ನನ್ನ ಟೇಬಲಿನ ಮೇಲೆ ಮಾತ್ರ, ಅದೂ ಸೂಜಿ ಕೊಡುವಾಗ" ಎಂದು ಅವರು ಹೇಳುತ್ತಿದ್ದರು. "ಬೇರೆ ಎಲ್ಲಿಯೂ ಬಾಗಿಸ್ಲಿಕ್ಕಿಲ್ಲ, ಆಯ್ತಾ?"

ಅವರು ಅರಿವಳಿಕೆ ತಜ್ಞೆ. ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನ ನಮ್ಮ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದರು. ಹೆರಿಗೆಯ ಶಸ್ತ್ರಕ್ರಿಯೆಗೆ ಬರುವ ಹೆಂಗಸರನ್ನು ಮೇಜಿನ ಅಂಚಿನಲ್ಲಿ ಕೂರಿಸಿ, ಬೆನ್ನು ಬಾಗಿಸಲು ಹೇಳಿ, ಎರಡು ಎಲುಬುಗಳ ನಡುವಿನ ಸಂದನ್ನು ಹೆಬ್ಬೆರಳಿನಿಂದ ಹುಡುಕಿ, ಅಲ್ಲಿ ಸೂಜಿ ಇಳಿಸುವುದು ಅವರ ನಿತ್ಯದ ಕೆಲಸ. ಆ ಹೆಬ್ಬೆರಳು ಕೆಲಸದ ಹೊರಗೂ ಸುಮ್ಮನಿರುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಹಣ ಕಳಿಸುವ ಅಂಗಡಿಯ ಸಾಲಿನಲ್ಲಿ, ಎದುರಿಗಿರುವ ಹೆಂಗಸಿನ ಬೆನ್ನನ್ನು ಅವರು ಓದುತ್ತಿದ್ದರು. "ಇವಳದ್ದು ಸುಲಭ." "ಇವಳದ್ದು ಕಷ್ಟ, ಎರಡು ಸಲ ಚುಚ್ಚಬೇಕಾದೀತು." ಇದನ್ನು ಕನ್ನಡದಲ್ಲಿ ಹೇಳುತ್ತಿದ್ದುದರಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಇಲ್ಲಿ ಹೆಂಗಸರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಹಿರಿಯ ಮಗನ ಹೆಸರಿನ ಮೊದಲು 'ಉಮ್' ಎಂದು ಸೇರಿಸಿ, ಇಂಥವನ ತಾಯಿ ಎಂದು ಕರೆಯುತ್ತಾರೆ. ಅವರಿಗೆ ಮದುವೆಯಾಗಿರಲಿಲ್ಲ, ಮಕ್ಕಳಿರಲಿಲ್ಲ. ಹೆರಿಗೆ ವಾರ್ಡಿನ ಹೆಂಗಸರೇ ಯೋಚಿಸಿ ಅವರಿಗೆ 'ಉಮ್ ಇಬ್ರಾ' ಎಂದು ಹೆಸರಿಟ್ಟಿದ್ದರು. ಸೂಜಿಯ ತಾಯಿ. ಮೊದಲ ಮಗುವಿನ ಹೆರಿಗೆಗೆ ಅವರಿಂದ ಸೂಜಿ ಹಾಕಿಸಿಕೊಂಡವರ ಹೆಣ್ಣುಮಕ್ಕಳು ಈಗ ತಮ್ಮ ಹೆರಿಗೆಗೆ ಬಂದು, "ಉಮ್ ಇಬ್ರಾ ಇದ್ದಾರಾ?" ಎಂದು ಕೇಳುತ್ತಿದ್ದರು. ಅವರ ನಿಜವಾದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ.

ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ. ಯಾವ ವೈದ್ಯರು ಏನು ಮಾಡಿದರು ಎಂಬ ಪಟ್ಟಿ ಇಡುವುದು, ಕೆಲಸ ಬಿಡುವವರಿಗೆ ಅನುಭವ ಪತ್ರ ಸಿದ್ಧಪಡಿಸುವುದು ನನ್ನ ಕೆಲಸ. ಮಂಗಳೂರಿನಲ್ಲಿ ಆಸ್ಪತ್ರೆ ಆಡಳಿತ ಓದಿ ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದಾಗ, ಮೊದಲ ವಾರ ನಾನು ಯಾರೊಂದಿಗೂ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ಎರಡನೆಯ ವಾರ ಅವರು ನನ್ನ ಕಿಟಕಿಯ ಬಳಿ ಬಂದು, ನಾನು ಫೋನಿನಲ್ಲಿ ಅಮ್ಮನಿಗೆ ಹೇಳಿದ ಒಂದು ತುಳು ಮಾತನ್ನು ಕೇಳಿಸಿಕೊಂಡು, "ಯಾವ ಊರು ಮಾರಾಯ್ತಿ ನಿನ್ನದು?" ಎಂದರು. ಹೇಳಿದೆ. "ಮಾತು ಕಡಿಮೆಯಾ, ಅಥವಾ ನಮ್ಮೊಟ್ಟಿಗೆ ಮಾತ್ರ ಕಡಿಮೆಯಾ?" ಎಂದರು. ಮಾತು ಕಡಿಮೆ ಎಂದೆ. "ಒಳ್ಳೆದಾಯ್ತು. ನನ್ನ ಕಾರಲ್ಲಿ ಕೂರ್ಲಿಕ್ಕೆ ಅಂಥವರೇ ಬೇಕು."

ಕಾರು ಅವರು ಐವತ್ತು ದಾಟಿದ ಮೇಲೆ ಕಲಿತದ್ದು. ಇಲ್ಲಿ ಹೆಂಗಸರು ಕಾರು ನಡೆಸಬಹುದು ಎಂದಾದಾಗ, ನಮ್ಮ ಆಸ್ಪತ್ರೆಯಲ್ಲಿ ಮೊದಲು ಹೆಸರು ಕೊಟ್ಟವರಲ್ಲಿ ಅವರೂ ಒಬ್ಬರಂತೆ. ಅದಕ್ಕೂ ಹಿಂದೆ ಅಷ್ಟು ವರ್ಷ ತರಕಾರಿ ತರಲೂ ಆಸ್ಪತ್ರೆಯ ವ್ಯಾನಿಗೆ ಕಾಯುತ್ತಿದ್ದವರು. ಶುಕ್ರವಾರ ಮಧ್ಯಾಹ್ನದ ಮೇಲೆ ನಾವಿಬ್ಬರೂ ಗುಡ್ಡದ ಮೇಲಿನ ಅಬಹಾ ಊರಿನ ಕಡೆಗೆ ಹೋಗುತ್ತಿದ್ದೆವು. ಅವರು ಕಾರು ಓಡಿಸುವಾಗ ಮಾತಾಡುತ್ತಿರಲಿಲ್ಲ. ಕೂತ ಭಂಗಿ ಮಾತ್ರ ನೇರ. ಗುಡ್ಡದ ತಿರುವಿನಲ್ಲಿ ಮಂಜು ಇಳಿದರೆ ಕಾರು ಬದಿಗೆ ನಿಲ್ಲಿಸಿ, ಫ್ಲಾಸ್ಕಿನ ಚಹಾ ಕುಡಿದು, ಮಂಜು ಸರಿದ ಮೇಲೆ ಹೊರಡುವುದು.

ಆ ರಸ್ತೆಯ ಒಂದು ತಿರುವಿನಲ್ಲಿ ದೊಡ್ಡ ಜಾತಿಯ ಕೋತಿಗಳು ಸಾಲಾಗಿ ಕೂತಿರುತ್ತವೆ. ಹೋಗುವವರು ಬಾಳೆಹಣ್ಣು, ರೊಟ್ಟಿ ಎಸೆಯುತ್ತಾರೆ. ಒಂದು ಶುಕ್ರವಾರ ಒಂದು ಮುದಿ ಗಂಡು ಕೋತಿ ನಮ್ಮ ಕಾರಿನ ಬಾನೆಟ್ಟಿನ ಮೇಲೆ ಬಂದು ಕೂತಿತು. ನಾನು ಗಾಜು ಏರಿಸಿದೆ. ಅವರು ಚಹಾ ಕುಡಿಯುತ್ತ ಅದನ್ನೇ ನೋಡಿದರು.

"ಇವನಿಗೆ ಇಕಾಮಾ ಇಲ್ಲ, ಕಫೀಲ್ ಇಲ್ಲ. ನಿನಗೆ ಅರವತ್ತಾಯ್ತು, ಇನ್ನು ಹೊರಡು ಅಂತ ಹೇಳುವವರೂ ಇಲ್ಲ."

ಇಕಾಮಾ ಎಂದರೆ ನಾವೆಲ್ಲ ಇಲ್ಲಿರಲು ಬೇಕಾದ ಚೀಟಿ. ಅದರಲ್ಲಿ ನಮ್ಮ ಹೆಸರಿನ ಕೆಳಗೆ ನಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರ ಹೆಸರಿರುತ್ತದೆ. ಅವರೇ ಕಫೀಲ್. ಕೆಲಸ ಹೋದರೆ ಆ ಹೆಸರು ಹೋಗುತ್ತದೆ, ಬೇರೆ ಹೆಸರು ಸಿಗದಿದ್ದರೆ ನಾವೂ ಹೋಗಬೇಕಾಗುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಅರವತ್ತರ ನಂತರ ಕರಾರು ಮುಂದುವರಿಸುವ ಪದ್ಧತಿ ಇಲ್ಲ.

"ಇವನಿಗೆ ಸಂಬಳವೂ ಇಲ್ಲ ಡಾಕ್ಟ್ರೇ" ಎಂದೆ.

"ಅದಕ್ಕೇ ಬಾಳೆಹಣ್ಣು ಬೇಡ್ತಾನೆ. ನಾನು ಬೇಡುವವಳಲ್ಲ, ದುಡಿಯುವವಳು." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ನನಗೆ ಹನ್ನೊಂದು ತಿಂಗಳು ಉಂಟು" ಎಂದರು.

ಊರಿನಲ್ಲಿ ಅವರಿಗೆ ಫ್ಲ್ಯಾಟ್ ಇತ್ತು, ಅಕ್ಕ ತಂಗಿಯರು ಇದ್ದರು, ಕರೆಯುವ ಆಸ್ಪತ್ರೆಗಳೂ ಇದ್ದವು. ಹೋಗಲು ಬೇಸರವೇ ಎಂದು ಕೇಳಿದೆ.

"ಹೋಗ್ಲಿಕ್ಕೆ ಬೇಸರ ಇಲ್ಲ. ಕಳಿಸಿದರು ಅಂತ ಹೋಗ್ಲಿಕ್ಕೆ ಬೇಸರ. ಬಂದದ್ದು ನನ್ನ ನಿಶ್ಚಯ. ಹೋಗುದೂ ನಾನೇ ನಿಶ್ಚಯ ಮಾಡ್ಬೇಕು."

ಈಚಿನ ವರ್ಷಗಳಲ್ಲಿ ಇಲ್ಲಿ ಕಫೀಲ್ ಇಲ್ಲದೆ ವಾಸಿಸಲು ದಾರಿಗಳು ತೆರೆದಿವೆ. ಬಂಡವಾಳ ಹೂಡಿದವರಿಗೆ ಒಂದು, ಮನೆ ಕೊಂಡವರಿಗೆ ಒಂದು, ವ್ಯಾಪಾರ ಕಟ್ಟಿದವರಿಗೆ ಒಂದು. ತಮ್ಮ ಉದ್ಯೋಗದಲ್ಲಿ ವಿಶೇಷ ಪರಿಣತಿ ಇರುವವರಿಗೂ ಒಂದಿದೆ. ಮೊದಲು ಐದು ವರ್ಷಕ್ಕೆ ಕೊಡುತ್ತಾರೆ, ಷರತ್ತು ಪೂರೈಸಿದರೆ ಆಮೇಲೆ ಕಾಯಂ. ಅದಕ್ಕೆ ಓದಿನ ದಾಖಲೆ ಬೇಕು, ಸಂಬಳ ಒಂದು ಮಟ್ಟಕ್ಕೆ ಇರಬೇಕು, ಮತ್ತು ಇವರ ಪರಿಣತಿ ಇಂಥದು ಎಂದು ಕೆಲಸ ಕೊಟ್ಟವರು ಆಧಾರಸಹಿತ ಬರೆದುಕೊಡಬೇಕು.

ನಮ್ಮ ಮ್ಯಾನೇಜರ್ ಸಾಹೇಬರು ಭಟ್ಕಳದವರು. ಅವರ ಮನೆತನ ಮೂರು ತಲೆಮಾರಿನಿಂದ ಕೊಲ್ಲಿಯಲ್ಲಿದೆ. ಆಸ್ಪತ್ರೆಯ ಸಿಬ್ಬಂದಿ ಕಾಗದಗಳೆಲ್ಲ ಅವರ ಸಹಿಯಿಂದಲೇ ಹೊರಗೆ ಹೋಗುವುದು. ಡಾಕ್ಟರು ವಿಷಯ ಹೇಳಿದಾಗ ಅವರು ತಮ್ಮ ಅನುಭವದ ಮಾತನ್ನೇ ಆಡಿದರು.

"ಡಾಕ್ಟರ್ ಸಾಹೇಬಾ, ಕೆಲಸದ ದಾರಿ ಉದ್ದ. ಹಿಂದೆ ಮುಂದೆ ಪ್ರಶ್ನೆ ಕೇಳ್ತಾರೆ. ನಿಮ್ಮ ಹತ್ತಿರ ಉಳಿತಾಯ ಉಂಟಲ್ಲ, ಜಿದ್ದಾದಲ್ಲಿ ಒಂದು ಮನೆ ತಕೊಳ್ಳಿ. ಅಲ್ಲಿ ಶರಫಿಯಾ ಪೇಟೆಯಲ್ಲಿ ನಮ್ಮವರು ಎಷ್ಟು ಜನ ಇಲ್ಲ? ಗೊತ್ತಿದ್ದವರಿದ್ದಾರೆ, ತೋರಿಸ್ತಾರೆ."

"ನಾನಿರುದು ಖಮೀಸಲ್ಲಿ ಸಾಹೇಬ್ರೆ. ಜಿದ್ದಾದಲ್ಲಿ ಮನೆ ತಕೊಂಡು ಆ ಸೆಕೆಯಲ್ಲಿ ಬೆವರ್ಲಿಕ್ಕಾ? ಕೆಲಸಕ್ಕೆ ಅಂತ ಬಂದವಳು. ಕೆಲಸದ ಮೇಲೇ ಕೊಟ್ಟರೆ ಇರ್ತೇನೆ."

ಅರ್ಜಿ ಹೋಯಿತು. ಆಸ್ಪತ್ರೆಯ ಪತ್ರವನ್ನು ನಾನೇ ಸಿದ್ಧಪಡಿಸಿದ್ದೆ. ಎಲ್ಲರಿಗೂ ಬರೆಯುವ ಹಾಗೆ ಬರೆದು, ಕಂಪ್ಯೂಟರಿನಿಂದ ತೆಗೆದ ಕಳೆದ ಎರಡು ವರ್ಷದ ಕೆಲಸದ ಪಟ್ಟಿಯನ್ನು ಜೊತೆಗಿಟ್ಟಿದ್ದೆ. ಆ ಪಟ್ಟಿಯನ್ನು ಗಮನವಿಟ್ಟು ನೋಡಿರಲಿಲ್ಲ. ನನ್ನ ತಪ್ಪು ಅದು.

ಕೆಲವು ತಿಂಗಳ ಮೇಲೆ ಅರ್ಜಿ ನೋಡುವ ಸರಕಾರಿ ಕಚೇರಿಯಿಂದ ವಿವರಣೆ ಕೇಳಿ ಸಂದೇಶ ಬಂತು. ಪತ್ರದಲ್ಲಿ ಈ ವೈದ್ಯೆಯನ್ನು ವಿಭಾಗದ ಅತ್ಯಂತ ನುರಿತವರು ಎಂದು ಬರೆದಿದ್ದೀರಿ. ಜೊತೆಗಿನ ಪಟ್ಟಿಯಲ್ಲಿ ಬೆನ್ನಿನ ಅರಿವಳಿಕೆ ಮಾಡಿದ ಆರು ವೈದ್ಯರ ಪೈಕಿ ಸಂಖ್ಯೆಯಲ್ಲಿ ಇವರ ಹೆಸರು ನಾಲ್ಕನೆಯದಾಗಿದೆ. ಎರಡು ವಾರದೊಳಗೆ ವಿವರಿಸಿ. ಕೇಳಿದ್ದು ನ್ಯಾಯವಾಗಿತ್ತು. ಆಗ ಅವರ ಕರಾರು ಮುಗಿಯಲು ಮೂರು ತಿಂಗಳೂ ಇರಲಿಲ್ಲ.

ಪಟ್ಟಿ ಬಿಚ್ಚಿ ಕೂತೆ. ಎರಡು ವರ್ಷದ ಹಿಂದೆ ಸೇರಿದ ಕಿರಿಯ ವೈದ್ಯೆಯೊಬ್ಬರ ಹೆಸರು ಅವರಿಗಿಂತ ಮೇಲೆ ಇತ್ತು. ಹೀಗೆ ಯಾಕೆ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದೊಮ್ಮೆ ಕಣ್ಣಾರೆ ಕಂಡಿದ್ದೆ.

ನಾನು ಸೇರಿದ ವರ್ಷ, ಕಾಗದದ ದಾಖಲೆಗಳನ್ನು ಕಂಪ್ಯೂಟರಿಗೆ ತರುವಾಗ ಶಸ್ತ್ರಕ್ರಿಯೆಯ ಕೋಣೆಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬೇಕಾಗಿ ಬಂದಿತ್ತು. ಅಂದು ಸೂಜಿ ಹಿಡಿದದ್ದು ಇಲ್ಲಿನವಳೇ ಆದ ಕಿರಿಯ ವೈದ್ಯೆ, ಅವಳ ಮೊದಲ ಸಲ. ಸೂಜಿ ಎಲುಬಿಗೆ ತಾಗಿ ನಿಂತಿತು. ಆ ಹುಡುಗಿ ತಿರುಗಿ ನೋಡಿದಳು. ನಮ್ಮ ಡಾಕ್ಟರು ಒಂದು ಹೆಜ್ಜೆ ದೂರದಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಾನು ಅವರ ಹಿಂದೆ ನಿಂತಿದ್ದರಿಂದ ಆ ಕೈಗಳು ನನಗೆ ಮಾತ್ರ ಕಾಣುತ್ತಿದ್ದವು. ಬಲಗೈ ಎಡಗೈಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಗೆಣ್ಣುಗಳು ಬಿಳುಪಾಗಿದ್ದವು. ದನಿಯಲ್ಲಿ ಅದೇನೂ ಇರಲಿಲ್ಲ. "ಶ್ವೈ ಶ್ವೈ" ಎಂದರು, ನಿಧಾನ ನಿಧಾನ. "ಸ್ವಲ್ಪ ಹಿಂದೆ ತೆಗೆ. ಸ್ವಲ್ಪ ಮೇಲೆ. ಅವಸರ ಇಲ್ಲ, ನಾನಿದ್ದೇನೆ." ಮೂರನೆಯ ಸಲ ಸೂಜಿಯ ಹೊರತುದಿಯಲ್ಲಿ ತಿಳಿನೀರಿನ ಹನಿ ಕಂಡಿತು. ಸೂಜಿ ಸರಿಯಾದ ಜಾಗ ಮುಟ್ಟಿತ್ತು.

ಹೊರಗೆ ಬಂದ ಮೇಲೆ ಅವರ ಮಣಿಕಟ್ಟಿನಲ್ಲಿ ನಾಲ್ಕು ಬೆರಳಿನ ಕೆಂಪು ಗುರುತಿತ್ತು. ದಾಖಲೆ ಹಾಳೆಯ ಕೆಳಗೆ ಸಹಿ ಹಾಕಿದ್ದು ಆ ಹುಡುಗಿ. ಪಕ್ಕದಲ್ಲಿ 'ಮೇಲ್ವಿಚಾರಣೆ' ಎಂಬ ಜಾಗ ಖಾಲಿಯಾಗಿತ್ತು. ತುಂಬಿಸಬೇಕಲ್ಲವೇ ಎಂದು ಕೇಳಿದೆ.

"ನಾನೆಂತ ಮಾಡಿದ್ದು? ಗೋಡೆ ಹಾಗೆ ನಿಂತದ್ದು. ಸೂಜಿ ಯಾರ ಕೈಯಲ್ಲಿತ್ತು? ಅವಳ ಕೈಯಲ್ಲಿ. ಸೈನ್ ಅವಳದ್ದೇ."

ಅವರ ಹೆಸರಿನ ಮುಂದೆ ಉಳಿದದ್ದು ಬೇರೆ ಯಾರ ಕೈಗೂ ಕೊಡಲಾಗದಷ್ಟು ಕಷ್ಟದ ಬೆನ್ನುಗಳು ಮಾತ್ರ. ಸುಲಭದವು, ಸಾಧಾರಣದವು, ಇಪ್ಪತ್ತಾರು ವರ್ಷವೂ ಬೇರೆಯವರ ಸಹಿಯ ಮೇಲೆ ಹೋಗಿದ್ದವು.

ಸಂದೇಶವನ್ನು ನಾನು ಸಾಹೇಬರಿಗೆ ತೋರಿಸಿದೆ. ಅವರು ಡಾಕ್ಟರನ್ನು ಕರೆಸಿದರು.

"ಇದು ದೊಡ್ಡ ವಿಷಯ ಅಲ್ಲ" ಎಂದರು ಸಾಹೇಬರು. "ಆ ಮೇಲ್ವಿಚಾರಣೆ ಜಾಗ ಉಂಟಲ್ಲ, ಅದರಲ್ಲಿ ಡಾಕ್ಟರ ಹೆಸರು ತುಂಬಿಸುವ. ಸುಳ್ಳು ಅಲ್ಲವಲ್ಲ? ನಿಂತದ್ದು ಹೌದಲ್ಲ? ಬೇಟಿ, ನಿನಗೆ ಹಳೇ ದಾಖಲೆ ತಿದ್ದುವ ಅನುಮತಿ ಉಂಟಾ?"

ಇದೆ ಎಂದೆ. ಕಾರಣ ಬರೆದು ತಿದ್ದಬಹುದು. ನಾನು ಆಗಲೇ ಆ ಪುಟ ತೆರೆದಿದ್ದೆ ಎಂಬುದನ್ನೂ ಇಲ್ಲಿ ಹೇಳಬೇಕು.

"ಬೇಡ" ಎಂದರು ಡಾಕ್ಟರು.

"ಅರೆ, ಯಾಕೆ?"

"ಯಾವ ದಿನ ನಿಂತಿದ್ದೆ, ಯಾವ ದಿನ ಚಹಾ ಕುಡೀಲಿಕ್ಕೆ ಹೋಗಿದ್ದೆ, ಈಗ ಯಾರಿಗೆ ನೆನಪುಂಟು? ಎಲ್ಲ ಕಡೆ ನನ್ನ ಹೆಸರು ತುಂಬಿಸಿದರೆ ಕೆಲವು ಸುಳ್ಳಾಗ್ತದೆ. ಅಲ್ಲದೆ ಸಾಹೇಬ್ರೆ, ಅದು ಆ ಮಕ್ಕಳ ಮೊದಲ ಕೆಲಸ. ಇಷ್ಟು ವರ್ಷ ಆದಮೇಲೆ ಅದರ ಪಕ್ಕ ಹೋಗಿ ನನ್ನ ಹೆಸರು ಬರೆಯುದಾ?"

"ಹಾಗಾದರೆ ಹೋಗಬೇಕಾಗ್ತದೆ."

"ಹೋಗುವ. ಆದರೆ ಇನ್ನೂ ಎರಡು ವಾರ ಉಂಟಲ್ಲ? ಇವಳು ಓದಿದವಳು, ಎಂತಾದ್ರೂ ಮಾಡ್ತಾಳೆ." ನನ್ನ ಕಡೆ ನೋಡಿ, "ಬೆನ್ನು" ಎಂದು ಹೇಳಿ ಎದ್ದು ಹೋದರು. ಅವರಿಗೆ ಹನ್ನೊಂದು ಗಂಟೆಗೆ ಒಂದು ಶಸ್ತ್ರಕ್ರಿಯೆ ಇತ್ತು.

ನನಗೆ ಸಿಟ್ಟು ಬಂತು. ಹಟ ಮಾಡುವುದು ಅವರು, ದಾರಿ ಹುಡುಕಬೇಕಾದವಳು ನಾನು. ಸಿಟ್ಟಿನಲ್ಲಿಯೇ ಹಳೆಯ ಪುಟಗಳನ್ನು ಮತ್ತೆ ತೆಗೆದೆ. ಪ್ರತಿ ಹಾಳೆಯಲ್ಲಿ ಎಷ್ಟನೆಯ ಪ್ರಯತ್ನಕ್ಕೆ ಸೂಜಿ ಸರಿಯಾಯಿತು ಎಂದು ಬರೆಯುವ ಪದ್ಧತಿ ಇದೆ. ಒಬ್ಬೊಬ್ಬ ಕಿರಿಯ ವೈದ್ಯರ ಹಾಳೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸುತ್ತ ಹೋದೆ. ಎಲ್ಲರದೂ ಮೂರು, ಮೂರು, ಎರಡು ಎಂದು ಶುರುವಾಗುತ್ತಿತ್ತು. ಕೆಲವು ತಿಂಗಳ ಮೇಲೆ ಒಂದು, ಒಂದು, ಒಂದು. ಆ ಮೊದಲ ತಿಂಗಳುಗಳ ಡ್ಯೂಟಿ ಪಟ್ಟಿಯನ್ನು ಪಕ್ಕಕ್ಕಿಟ್ಟರೆ, ಬಹುತೇಕ ಎಲ್ಲರ ಜೊತೆಗಿದ್ದ ಹಿರಿಯ ವೈದ್ಯೆ ಒಬ್ಬರೇ. ಡ್ಯೂಟಿ ಪಟ್ಟಿಯನ್ನು ಯಾರೂ ತಿದ್ದಿರಲಿಲ್ಲ. ತಿದ್ದುವ ಅಗತ್ಯವೂ ಇರಲಿಲ್ಲ.

ಆ ವೈದ್ಯರಲ್ಲಿ ಹೆಚ್ಚಿನವರು ಈಗ ಬೇರೆ ಊರುಗಳಲ್ಲಿದ್ದಾರೆ. ಸಾಹೇಬರ ಒಪ್ಪಿಗೆ ಪಡೆದು ಹನ್ನೆರಡು ಜನರಿಗೆ ಬರೆದೆ. ಒಂದೇ ಪ್ರಶ್ನೆ: ಈ ಕೆಲಸವನ್ನು ನಿಮಗೆ ಯಾರು, ಹೇಗೆ ಕಲಿಸಿದರು? ಒಂಬತ್ತು ಜನ ಉತ್ತರಿಸಿದರು. ನಾನು ಅಂದು ಕೋಣೆಯಲ್ಲಿ ನೋಡಿದ್ದ ಆ ಹುಡುಗಿ ಈಗ ಹಫ್ರ್ ಅಲ್ ಬಾತಿನ್‌ನ ಒಂದು ಆಸ್ಪತ್ರೆಯಲ್ಲಿ ಕಿರಿಯರಿಗೆ ಕಲಿಸುವ ವೈದ್ಯೆ. ಅವಳ ಉತ್ತರ ಎಲ್ಲಕ್ಕಿಂತ ಚಿಕ್ಕದು. 'ಉಮ್ ಇಬ್ರಾ ನನಗೆ ಏನನ್ನೂ ಮಾಡಿ ತೋರಿಸಲಿಲ್ಲ. ಕೈ ಹಿಂದೆ ಕಟ್ಟಿ ನಿಂತಿದ್ದರು. ಈಗ ನನ್ನ ಕಿರಿಯರು ಸೂಜಿ ಹಿಡಿದಾಗ ನಾನೂ ಹಾಗೆಯೇ ನಿಲ್ಲುತ್ತೇನೆ. ಅದು ಎಷ್ಟು ಕಷ್ಟ ಎಂದು ಈಗ ಗೊತ್ತಾಗಿದೆ.'

ಪತ್ರ ಬರೆದೆ. ಪಟ್ಟಿಯಲ್ಲಿ ಇವರ ಸಂಖ್ಯೆ ಕಡಿಮೆ ಇರುವುದು ನಿಜ ಎಂದು ಮೊದಲ ಸಾಲಿನಲ್ಲಿಯೇ ಒಪ್ಪಿಕೊಂಡೆ. ಯಾಕೆ ಕಡಿಮೆ ಎಂಬುದಕ್ಕೆ ಡ್ಯೂಟಿ ಪಟ್ಟಿ, ಪ್ರಯತ್ನಗಳ ಲೆಕ್ಕ ಮತ್ತು ಒಂಬತ್ತು ಉತ್ತರಗಳನ್ನು ಲಗತ್ತಿಸಿದೆ. ಸಾಹೇಬರು ಎರಡು ಸಲ ಓದಿದರು.

"ಬೇಟಿ, ಮೂವತ್ತು ವರ್ಷದಲ್ಲಿ ಹೀಗೆ ಒಂದು ಪತ್ರ ಇಲ್ಲಿಂದ ಹೋಗಿಲ್ಲ. 'ಕಡಿಮೆ ಇರುವುದು ನಿಜ' ಅಂತ ಯಾರಾದರೂ ಶುರು ಮಾಡ್ತಾರಾ?"

"ತೆಗೆಯಲೇ ಸರ್?"

ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟರು. "ಇರಲಿ. ಇದನ್ನು ಓದಿದವ ಮುಂದಿನ ಸಾಲನ್ನು ಓದದೆ ಬಿಡುವುದಿಲ್ಲ."

ಅರಬ್ಬಿಗೆ ಅನುವಾದವಾಗಿ ಬಂದ ಪ್ರತಿಗೆ ಸಾಹೇಬರು ಸಹಿ ಹಾಕುವ ಹೊತ್ತಿಗೆ ಡಾಕ್ಟರು ಬಂದರು. ನಿಂತಲ್ಲೇ ಎಲ್ಲವನ್ನೂ ಓದಿದರು. ಹಫ್ರ್‌ನಿಂದ ಬಂದ ಉತ್ತರದ ಹಾಳೆಯನ್ನು ಉಳಿದವುಗಳಿಗಿಂತ ಹೆಚ್ಚು ಹೊತ್ತು ಹಿಡಿದಿದ್ದರು.

"ಬರೆದದ್ದು ಯಾರು ಸಾಹೇಬ್ರೆ?"

"ಇವಳೇ."

"ಸೈನ್ ನಿಮ್ಮದು?"

"ಅದು ಕಾನೂನು ಡಾಕ್ಟರ್ ಸಾಹೇಬಾ. ಆಸ್ಪತ್ರೆ ಪತ್ರಕ್ಕೆ ನನ್ನ ಸೈನ್ ಬಿಟ್ಟು ಬೇರೆ ನಡಿಯುದಿಲ್ಲ."

"ನಿಮ್ಮದು ಹಾಕಿ. ಅದರ ಕೆಳಗೆ ಇವಳಿಗೂ ಒಂದು ಗೆರೆ ಹಾಕಿ ಕೊಡಿ. ಪೆನ್ ಇವಳ ಕೈಯಲ್ಲಿತ್ತು."

ನಾನು ಬೇಡವೆಂದೆ. ಆಫೀಸಿನ ಪತ್ರದಲ್ಲಿ ನನ್ನ ಹೆಸರು ಬರುವುದು ನನಗೆ ಎಂದೂ ಇಷ್ಟವಿರಲಿಲ್ಲ. ಹೆಸರಿಲ್ಲದ ಕೆಲಸವೆಂದೇ ನಾನು ಈ ಕೆಲಸವನ್ನು ಮೆಚ್ಚಿದ್ದು. ಅವರು ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಹೇಬರು ನಗುತ್ತ, 'ಸಿದ್ಧಪಡಿಸಿದವರು' ಎಂದು ಒಂದು ಸಾಲು ಸೇರಿಸಿ ಮತ್ತೆ ಪ್ರಿಂಟ್ ತೆಗೆಸಿದರು. ಸಹಿ ಹಾಕಿದೆ.

ಆಮೇಲೆ ಕಾಯುವ ದಿನಗಳು. ನಾನು ದಿನಕ್ಕೆ ಎರಡು ಸಲ ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ. ಅವರು ಒಮ್ಮೆಯೂ ಕೇಳಲಿಲ್ಲ. ಕರಾರು ಮುಗಿಯಲು ತಿಂಗಳಿರುವಾಗ ಕಾರಿಗೆ ನಾಲ್ಕು ಹೊಸ ಟಯರು ಹಾಕಿಸಿದರು. ಸಾಹೇಬರು ಕ್ಯಾಂಟೀನಿನಲ್ಲಿ ಎಲ್ಲರೆದುರು ತಮಾಷೆ ಮಾಡಿದರು. "ಹೋಗುವವರು ಯಾರಾದರೂ ಟಯರ್ ಹಾಕ್ತಾರಾ?"

"ಹೋದರೆ, ಕಾರು ತಕೊಂಡವರಿಗೆ ಒಳ್ಳೆ ಟಯರ್ ಸಿಗ್ತದೆ. ಇದ್ದರೆ ನನಗೆ. ಯಾರಿಗೆ ನಷ್ಟ ಹೇಳಿ?"

ಕರಾರು ಮುಗಿಯಲು ಹದಿನೆಂಟು ದಿನ ಇದ್ದಾಗ ಒಪ್ಪಿಗೆ ಬಂತು. ಅವರ ಫೋನು ಬೆಳಿಗ್ಗೆಯಿಂದ ಲಾಕರಿನಲ್ಲಿತ್ತು. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ನನ್ನೆದುರು ಕೂತು ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ಓದಿದರು. "ಬಂತು" ಎಂದರು. ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟು, "ನಿನ್ನ ಡಬ್ಬಿಯಲ್ಲಿ ಎಂತ ಪಲ್ಯ?" ಎಂದು ಕೇಳಿದರು. ಹಸಿ ಬಾಳೆಕಾಯಿ ಎಂದೆ. ಅರ್ಧ ಅವರೇ ತಿಂದರು.

ಕಫೀಲ್ ಹೆಸರಿಲ್ಲದ ಹೊಸ ಕಾರ್ಡನ್ನು ತೋರಿಸಲು ಕಿಟಕಿಗೆ ಬಂದದ್ದು ಅವರ ಕೊನೆಯ ದಿನ. ಮರುವಾರದಿಂದ ಖಮೀಸಿನದೇ ಇನ್ನೊಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಎಂದು ನಿಶ್ಚಯವಾಗಿತ್ತು. ಉಳಿದ ದಿನ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, "ಇನ್ನೂ ನಿಶ್ಚಯ ಮಾಡ್ಲಿಲ್ಲ" ಎಂದರು. ಆ ಮಾತನ್ನು ಅವರು ಇಷ್ಟು ಖುಷಿಯಿಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಕೆಲಸ ಬಿಡುವವರು ತುಂಬಿಸುವ ಒಂದು ಹಾಳೆ ನಮ್ಮಲ್ಲಿದೆ. ಗ್ರಂಥಾಲಯ, ವಸತಿ, ಔಷಧ ವಿಭಾಗ, ಎಲ್ಲರ ಸಹಿ ಆದ ಮೇಲೆ ಕೊನೆಯಲ್ಲಿ ಎರಡು ಚೌಕಗಳು. ಒಂದು, ದೇಶ ಬಿಟ್ಟು ಹೋಗುವವರಿಗೆ. ಇನ್ನೊಂದು, ಬೇರೆ ಕಫೀಲ್‌ಗೆ ಬದಲಾಗುವವರಿಗೆ. ನಾಲ್ಕು ವರ್ಷದಲ್ಲಿ ನಾನು ಕಂಡವರೆಲ್ಲ ಇವೆರಡರಲ್ಲಿ ಒಂದಕ್ಕೆ ಗುರುತು ಹಾಕಿ ಹೋದವರೇ. ಅವರು ಹಾಳೆಯನ್ನು ಎರಡೂ ಬದಿ ತಿರುಗಿಸಿ ನೋಡಿದರು.

"ನನ್ನದು ಇದರಲ್ಲಿ ಎಲ್ಲಿ ಉಂಟು ಮಾರಾಯ್ತಿ?"

ಇಲ್ಲ ಎಂದೆ. ಹಾಳೆಯನ್ನು ವಾಪಸು ತೆಗೆದುಕೊಂಡು, ಸ್ಕೇಲ್ ಇಟ್ಟು ಎರಡರ ಕೆಳಗೆ ಮೂರನೆಯ ಚೌಕವೊಂದನ್ನು ಎಳೆದೆ. ಪಕ್ಕದಲ್ಲಿ 'ಕೆಲಸ ಬಿಟ್ಟಿದ್ದಾರೆ, ಇಲ್ಲಿಯೇ ಇರುತ್ತಾರೆ' ಎಂಬ ಅರ್ಥದ ಸಾಲು ಬರೆದು, ಸೇರಿಸಿದ್ದು ನಾನೆಂದು ನನ್ನ ಸಹಿ ಹಾಕಿದೆ. ಈ ಸಲ ಯಾರೂ ಹೇಳಬೇಕಾಗಲಿಲ್ಲ.

"ನೀನೇ ಗುರುತು ಹಾಕಿಬಿಡು" ಎಂದರು ಅವರು, ಕೈಚೀಲದಲ್ಲಿ ಕಾರಿನ ಕೀಲಿ ಹುಡುಕುತ್ತ.

ನಾನು ಎದ್ದು, ಪೆನ್ನನ್ನು ಹಾಳೆಯ ಮೇಲೆ ಅವರ ಕಡೆಗೆ ಇಟ್ಟೆ. ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.